ಸಾಯುವ ಸರದಿ ಸಿಗದ ರಾಜಕುಮಾರ

ಅಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ವಾರದಲ್ಲಿ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದದ್ದು ನನ್ನ ಗ್ರಹಚಾರ. ಅರಕೆರೆಯಲ್ಲಿ ಒಂದೇ ಗೋಡೆಯ ಆಚೆ ಈಚೆ ಅವರ ಮನೆ. ಆಗ ಊರಲ್ಲಿ ಕಬ್ಬು ಕಡಿಯುವ ಕಾಲ, ಎಲ್ಲಿ ನೋಡಿದರೂ ಧೂಳು. ಆಪರೇಷನ್ ಮುಗಿದ ಮೇಲೆ ಒಂದು ವಾರ ಪಾಂಡವಪುರದ ನನ್ನ ಮನೆಯಲ್ಲೇ ಇರಲಿ ಎಂದು ಅಮ್ಮನೂ ಚಿಕ್ಕಮ್ಮನೂ ಕೂಡಿ ತೀರ್ಮಾನಿಸಿದರು. ಹೆಂಗಸರು ಯಾವತ್ತೂ ಚೆನ್ನಾಗಿಯೇ ಇದ್ದರು. ಮಾತು ಬಿಟ್ಟಿದ್ದವರು ಗಂಡಸರು, ಅದೂ ಇಪ್ಪತ್ತೆರಡು ವರ್ಷದಿಂದ.

ಮಾತು ಬಿಟ್ಟರು ಎಂದರೆ ನಮ್ಮ ಕಡೆ ಸಂಬಂಧ ಬಿಟ್ಟರು ಎಂದಲ್ಲ. ನಾಲೆ ನೀರಿನ ಸರದಿಗೆ, ಗದ್ದೆ ಉಳುಮೆಗೆ, ಎಮ್ಮೆ ಈಯುವಾಗ ಕೈ ಜೋಡಿಸಲು ಒಬ್ಬರಿಗೊಬ್ಬರು ಬೇಕೇ ಬೇಕು. ಹಾಗಾಗಿ ನಡುವೆ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ನೌಕರಿ ನನ್ನದು. ಚಿಕ್ಕಪ್ಪ ನಾಲ್ಕು ಅಡಿ ದೂರದಲ್ಲಿ ನಿಂತಿದ್ದರೂ ಅಪ್ಪ ನನ್ನ ಮುಖ ನೋಡಿಕೊಂಡೇ, ಇನ್ನು ನೀರು ತಿರುಗಿಸಲು ಹೇಳು ಎನ್ನುತ್ತಿದ್ದರು. ನಾನು ಹೇಳಿದ ಮೇಲೆಯೇ ಅದು ಚಿಕ್ಕಪ್ಪನ ಕಿವಿಗೆ ಬಿದ್ದಂತೆ ಲೆಕ್ಕ. ಮದುವೆಯಾಗಿ ಪಾಂಡವಪುರಕ್ಕೆ ಬಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಲು ಶುರು ಮಾಡಿದರೂ ಈ ನೌಕರಿ ತಪ್ಪಲಿಲ್ಲ. ಅಪ್ಪ ದಿನಾ ಸಂಜೆ ಫೋನ್ ಮಾಡುತ್ತಿದ್ದರು, ನಾನು ಬೈಗುಳ ಸೋಸಿ ಉಳಿದದ್ದನ್ನು ಚಿಕ್ಕಪ್ಪನಿಗೆ ತಲುಪಿಸುತ್ತಿದ್ದೆ.

ಜಗಳಕ್ಕೆ ಕಾರಣ ಆಸ್ತಿಯಲ್ಲ, ನಾಟಕ. ನಮ್ಮೂರಿನಲ್ಲಿ ಒಕ್ಕಣೆ ಕೆಲಸ ಮುಗಿದರೆ ಗಂಡಸರಿಗೆ ನಾಟಕದ ಹುಚ್ಚು. ಪ್ರತಿ ವರ್ಷ ಪೌರಾಣಿಕ ಆಡುತ್ತಿದ್ದವರಿಗೆ ಆ ವರ್ಷ ಬೂಕನಕೆರೆ ಕಡೆಯಿಂದ ಬಂದ ಹಾರ್ಮೋನಿಯಂ ಮೇಷ್ಟ್ರು ಹೊಸ ಕಥೆ ತಂದರು. ಯಾವುದೋ ಶೀತದೇಶದ ಹಳೆಯ ದುರಂತ ನಾಟಕ, ಕನ್ನಡಕ್ಕೆ ತಂದು ಇಪ್ಪತ್ತು ಹಾಡು ಸೇರಿಸಿದ್ದರು. ರಾಜನನ್ನು ಅವನ ತಮ್ಮನೇ ಕೊಂದು ಪಟ್ಟಕ್ಕೆ ಬರುತ್ತಾನೆ, ರಾಜನ ಮಗ ಸೇಡು ತೀರಿಸಿಕೊಂಡು ತಾನೂ ಸಾಯುತ್ತಾನೆ. ಐವತ್ತೆರಡು ವರ್ಷದ ಅಪ್ಪ ಮೀಸೆಗೆ ಬಣ್ಣ ಹಚ್ಚಿ ರಾಜಕುಮಾರನಾದರು. ಮೂರು ವರ್ಷ ಚಿಕ್ಕವರಾದ ಚಿಕ್ಕಪ್ಪ ಆ ಕೊಲೆಗಾರ ಚಿಕ್ಕಪ್ಪನಾದರು. ಬಾಡಿಗೆ ಸಾಮಾನಿನಲ್ಲಿ ಕತ್ತಿ ಇರಲಿಲ್ಲವೆಂದು ಸೇಡು ತೀರಿದ್ದು ಗದೆಯಿಂದ.

ನಮ್ಮ ನಾಟಕಗಳಲ್ಲಿ ಜನಕ್ಕೆ ಒಂದು ಅಧಿಕಾರವುಂಟು. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಸತ್ತವನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯಬೇಕು. ಗದೆ ಏಟು ತಿಂದ ಚಿಕ್ಕಪ್ಪ ಪಶ್ಚಾತ್ತಾಪದ ಹಾಡು ಹೇಳಿ ಬಿದ್ದರು. ಜನ ಕೂಗಿದರು, ಚಿಕ್ಕಪ್ಪ ಎದ್ದರು. ಜನ ಹಾರ ಹಾಕಿದರು. ನಾಲ್ಕನೆಯ ಸಲ ಬೀಳುವ ಹೊತ್ತಿಗೆ ಬೆಳಕು ಹರಿದು, ಹಾಲು ಕರೆಯುವ ಹೊತ್ತಾಯಿತೆಂದು ಹೆಂಗಸರೆಲ್ಲ ಎದ್ದರು, ಹಿಂದೆಯೇ ಮೈಕಿನವನು ವೈರು ಸುತ್ತಿದ. ಪಕ್ಕದಲ್ಲಿ ಸಾಯಲು ಸಿದ್ಧರಾಗಿ ನಿಂತಿದ್ದ ಅಪ್ಪನಿಗೆ ಸರದಿಯೇ ಬರಲಿಲ್ಲ. ಮೂರು ತಿಂಗಳು ಕಲಿತ ಸಾವಿನ ಹಾಡು ಬಾಯಲ್ಲೇ ಉಳಿಯಿತು. ಆ ಕೂಗು ತಾನಾಗಿ ಬಂದದ್ದಲ್ಲ, ತಮ್ಮನೇ ಹೇಳಿ ಕೂಗಿಸಿದ್ದು ಎಂದು ಅಪ್ಪ. ಜನ ಮೆಚ್ಚಿ ಕೂಗಿದರೆ ತನ್ನದೇನು ತಪ್ಪು ಎಂದು ಚಿಕ್ಕಪ್ಪ. ಅಲ್ಲಿಗೆ ಮಾತು ನಿಂತಿತು.

ಮೂರನೆಯವರಿಗೆ ಇದು ನಗುವ ವಿಷಯ. ನಾನೂ ಬಹಳ ವರ್ಷ ನಕ್ಕಿದ್ದೆ. ಆದರೆ ಆ ವಾರ ನಗು ಬರಲಿಲ್ಲ. ಚಿಕ್ಕಪ್ಪ ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಕಣ್ಣು ವಾಸಿಯಾದ ಕೂಡಲೇ ಚಿಕ್ಕಮ್ಮನ ಜೊತೆ ನಾಗಮಂಗಲದ ಮಗಳ ಮನೆಗೆ ಹೊರಡುವವರಿದ್ದರು. ಇನ್ನು ನಾಲೆ ನೀರಿನ ನೆಪವೂ ಇರುವುದಿಲ್ಲ. ಈ ವಾರ ಮಾತಾಡದಿದ್ದರೆ ಇನ್ನು ಮಾತಾಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಎರಡು ತುದಿ ಹಿಡಿದು ನಾಲ್ಕು ದಿನ ಕಳೆದರು. ಕಾಫಿಗೆ ಸಕ್ಕರೆ ಸಾಕೇ ಎಂಬುದೂ ನನ್ನ ಮೂಲಕವೇ ಹೋಗಿ ಬರುತ್ತಿತ್ತು.

ಐದನೆಯ ದಿನ ನನ್ನ ಮಗಳು ಕಾಲೇಜಿಗೆ ಹೊರಡುವಾಗ ಟೀವಿಗೆ ಒಂದು ಸಿನಿಮಾ ಹಾಕಿಕೊಟ್ಟಳು. ಜಪಾನಿನವರು ಕಾರ್ಟೂನಿನಂತೆ ಚಿತ್ರ ಬರೆದೇ ಮಾಡಿದ್ದು. ತಾತ ಆಡಿದ ನಾಟಕದ ಕಥೆಯನ್ನೇ ತಿರುಗಿಸಿ ಮುರುಗಿಸಿ ಮಾಡಿದ್ದಾರೆ, ನೋಡಲಿ ಎಂದಳು. ಮಾತು ಜಪಾನಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷ್. ಇಬ್ಬರಿಗೂ ಎರಡೂ ಬಾರದು. ನಾನು ನಡುವೆ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದೆ.

ಇದರಲ್ಲಿ ಸೇಡು ತೀರಿಸಿಕೊಳ್ಳಲು ಹೊರಡುವವಳು ರಾಜನ ಮಗಳು. ವಿಷ ಕುಡಿದು ಬಿದ್ದವಳು ಕಣ್ಣು ಬಿಟ್ಟರೆ ಸತ್ತವರ ದೇಶ. ಅಲ್ಲಿ ಎಲ್ಲ ಕಾಲದ ಸತ್ತವರೂ ಒಟ್ಟಿಗೆ ಅಲೆಯುತ್ತಿರುತ್ತಾರೆ, ಬೆಟ್ಟದಂಥ ಮೀನು ಆಕಾಶದಲ್ಲಿ ಈಜುತ್ತದೆ, ಹೊಳೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಮಕ್ಕಳಾಟ ಎಂದು ಮುಖ ತಿರುಗಿಸಿದ್ದ ಅಪ್ಪ ಹೊಳೆ ಬಂದಾಗ ನೆಟ್ಟಗೆ ಕೂತರು. ಹೀಗೆ ಹರಿದರೆ ಕೊನೆ ಗದ್ದೆಯವರಿಗೂ ನೀರು ಸಿಗುತ್ತದಲ್ಲ ಎಂದರು. ತೂಬಿನವರು ಅಲ್ಲೂ ಕದ್ದು ತಿರುಗಿಸುತ್ತಾರೆ ಎಂದು ಅಪ್ಪನಿಗೆ ಹೇಳಲು ಚಿಕ್ಕಪ್ಪ ನನಗೆ ಹೇಳಿದರು. ನಾನು ಹೇಳಿದೆ.

ಸಿನಿಮಾ ಮುಗಿಯುತ್ತ ಬಂತು. ಸತ್ತವರ ದೇಶಕ್ಕೂ ಬಂದು ಕೋಟೆ ಕಟ್ಟಿಕೊಂಡಿದ್ದ, ರಾಜನನ್ನು ಕೊಂದ ತನ್ನ ಚಿಕ್ಕಪ್ಪನನ್ನು ಹುಡುಗಿ ಕೊನೆಗೂ ಹಿಡಿದಳು. ಅವನು ಮೊಣಕಾಲೂರಿದ್ದ, ಅವಳು ಕತ್ತಿ ಎತ್ತಿದ್ದಳು. ಅವನು ಬಾಯಿ ತೆರೆದ. ನಾನು ಓದಬೇಕಿತ್ತು, ಓದಲಿಲ್ಲ. ಬೆಳಿಗ್ಗೆಯಿಂದ ಮಾತಾಡಿ ಗಂಟಲು ಒಣಗಿತ್ತು, ಅಷ್ಟೇ ಅಲ್ಲ, ಸಿಟ್ಟೂ ಬಂದಿತ್ತು. ಜಪಾನಿನಿಂದ ಬಂದ ಸಿಟ್ಟನ್ನೂ ನಾನೇ ಹೊರಬೇಕೇ ಅನ್ನಿಸಿತು. ಅಪ್ಪ ಏನಂತೆ ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ.

ಆ ಕಡೆಯ ತುದಿಯಿಂದ ಚಿಕ್ಕಪ್ಪ ಕೆಮ್ಮಿದರು.

“ಕೂಗ್ಸಿದ್ದು ನಾನೇ ಅಂತಾವ್ನೆ.”

ತೆರೆಯ ಮೇಲೆ ಆ ಮನುಷ್ಯ ಕಾವಲಿನವರನ್ನು ಕರೆಯುತ್ತಿದ್ದ. ಅಂಥ ಮಾತು ಅಲ್ಲೆಲ್ಲೂ ಇರಲಿಲ್ಲ. ಅಪ್ಪ ಕಪ್ಪು ಕನ್ನಡಕದ ಮುಖವನ್ನು ನಿಧಾನವಾಗಿ ಆ ಕಡೆ ತಿರುಗಿಸಿದರು. ನನ್ನ ಕಡೆ ನೋಡಲಿಲ್ಲ.

“ಅದು ಅವನ್ ಮಾತಲ್ಲ ಕಣ್ಲಾ. ನಿನ್ ಮಾತು. ಇತ್ಲಾಗ್ ತಿರುಗಿ ಯೋಳು.”

ಚಿಕ್ಕಪ್ಪ ತಿರುಗಿದರು. “ಆರ್ ಜನಕ್ಕೆ ಯೋಳಿದ್ದೆ ಕಣಣ್ಣ, ಒಂದ್ಸಲ ಕೂಗ್ರಪ್ಪ ಅಂತ. ಅವ್ರು ಮೂರ್ಸಲ ಕೂಗ್ಬುಟ್ರು. ನೀನು ನಿಂತಿರೋದ್ ಕಾಣ್ತಿತ್ತು. ಆದ್ರೂ ಎದ್ದೆ. ತಪ್ಪಾಯ್ತು.”

“ಅವತ್ತೇ ಯೋಳಿದ್ರೆ ಎರಡ್ ಏಟ್ ಒಡ್ದು ಬುಟ್ಬುಡ್ತಿದ್ದೆ,” ಎಂದರು ಅಪ್ಪ.

“ಈಗ ಒಡಿ.”

“ಕಣ್ ಆಪರೇಷನ್ ಆಗದೆ ಕಣ್ಲಾ. ಒಡೀಬಾರ್ದು.”

ಆಮೇಲೆ ಇಬ್ಬರೂ ಆ ಆರು ಜನ ಯಾರು ಯಾರು ಎಂದು ಲೆಕ್ಕ ಹಾಕತೊಡಗಿದರು. ನಾಲ್ವರು ತೀರಿಕೊಂಡಿದ್ದರು. ಬೈಗುಳಗಳೂ ಬಂದವು, ಸೋಸದೆ ನೇರವಾಗಿ. ನಾನು ನಡುವೆ ಕೂತೇ ಇದ್ದೆ, ಇಬ್ಬರೂ ನನ್ನ ಮುಂದಕ್ಕೆ ಬಾಗಿ ಮಾತಾಡುತ್ತಿದ್ದರು. ಎದ್ದು ಅಡುಗೆಮನೆಗೆ ಹೋದೆ. ಹುಡುಗಿ ಕತ್ತಿ ಇಳಿಸಿದಳೋ ಇಲ್ಲವೋ, ಸಂಜೆ ಮಗಳು ಕೇಳಿದಾಗ ಮೂವರಿಗೂ ಗೊತ್ತಿರಲಿಲ್ಲ.

ಚಿಕ್ಕಪ್ಪ ನಾಗಮಂಗಲಕ್ಕೆ ಹೋದರು. ಅಪ್ಪ ಈಗ ಸಂಜೆ ನೇರ ಅಲ್ಲಿಗೇ ಫೋನ್ ಮಾಡುತ್ತಾರೆ. ಗಂಟೆಗಟ್ಟಲೆ ಮಾತಂತೆ, ಅಮ್ಮ ಹೇಳುತ್ತಾಳೆ. ನನಗೆ ವಾರಕ್ಕೊಮ್ಮೆ ಬಂದರೆ ಹೆಚ್ಚು, ಅದೂ ಚೆನ್ನಾಗಿದ್ದೀಯಾ, ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಾರೆ. ನನಗೆ ಸಂತೋಷವಾಗಬೇಕು, ಆಗಿದೆ ಕೂಡ. ಆದರೆ ಇಪ್ಪತ್ತೆರಡು ವರ್ಷ ಅಪ್ಪ ದಿನಾ ಮಾತಾಡುತ್ತಿದ್ದುದು ನನ್ನ ಜೊತೆ ಎಂದುಕೊಂಡಿದ್ದೆ.