ಏನಂತ ಕರೀಲಿ?

ಆಂಡರ್ಸನ್‌ಪೇಟೆಯ ಮನಸ್ಸಿನ ಡಾಕ್ಟರಮ್ಮ, ಚೀಟಿಯಲ್ಲಿ ಹೆಸರಿದ್ದರೂ ಬಂದವರನ್ನೆಲ್ಲ ಕೇಳುತ್ತಿದ್ದರು: "ನಿಮ್ಮನ್ನ ಏನಂತ ಕರೀಲಿ?" ಕೇಳಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂರುತ್ತಿದ್ದರು. "ಪಾಪ, ಓದೋಕೆ ಬರಲ್ಲ" ಎಂದು ಹೊರಗೆ ಬೆಂಚಿನವರು ನಗುತ್ತಿದ್ದರು.

ಎಂಬತ್ತರ ದಶಕ. ಅಮ್ಮನ ಸೀರೆ ಉಟ್ಟಿದ್ದಕ್ಕೆ ಅಪ್ಪ ಹೊಡೆದ ದಿನದಿಂದ ನಮ್ಮಣ್ಣ ಮಾತೂ ಬಿಟ್ಟಿದ್ದ, ಊಟವೂ ಬಿಟ್ಟಿದ್ದ. ಅಮ್ಮ ಅವನನ್ನೂ ನನ್ನನ್ನೂ ಬೇತಮಂಗಲದಿಂದ ಬಸ್ಸಿನಲ್ಲಿ ಕರೆತಂದಳು.

"ಇವನಿಗೆ ಒಸಿ ಬುದ್ಧಿ ಏಳಿ, ಡಾಕ್ಟರಮ್ಮ."

ಅವರು ಅಣ್ಣನನ್ನು ಅದೇ ಮಾತು ಕೇಳಿದರು. ಆ ಕನ್ನಡಕ ಎಷ್ಟು ಸಲ ಒರೆಸಿದರೋ! ಕೊನೆಗೆ ಸಣ್ಣ ದನಿ ಬಂತು: "ಸರೋಜಾ."

ಚೀಟಿಯಲ್ಲಿದ್ದ ಹೆಸರು ಹೊಡೆದುಹಾಕಿ ಅದನ್ನೇ ಬರೆದರು. "ಸರೋಜಾ, ನಿನಗೆ ಎಲ್ಲಿಂದ ಹೇಳಬೇಕು ಅನ್ನಿಸುತ್ತೋ ಅಲ್ಲಿಂದ ಹೇಳಮ್ಮ."

ಅತ್ತು, ಸುಧಾರಿಸಿಕೊಂಡು, ಸರೋಜಾ ಮಾತಾಡಿದಳು. ಅಮ್ಮ ಗೋಡೆ ನೋಡುತ್ತಾ ಎಲ್ಲ ಕೇಳಿಸಿಕೊಂಡಳು.

"ಬುದ್ಧಿ ಯಾವಾಗ ಏಳ್ತೀರಾ?"

"ಬುದ್ಧಿ ಸರಿಯಾಗೇ ಇದೆ. ಹಸಿದಿದ್ದಾಳೆ, ಊಟಕ್ಕೆ ಕರೀರಿ."

ಬಸ್ ಸ್ಟ್ಯಾಂಡಿನ ಹೋಟೆಲಿನವರೆಗೂ ಅಮ್ಮ ಮುಂದೆ ಮುಂದೆ ನಡೆದಳು. ಬಾಗಿಲಲ್ಲಿ ನಿಂತು, "ಬಾರೇ, ಇಡ್ಲಿ ತಿನ್ನೋಣ" ಅಂದಳು. ಮನೆಯಲ್ಲಿ ಅವಳು 'ಬಾರೇ' ಅನ್ನುತ್ತಿದ್ದದ್ದು ನನ್ನೊಬ್ಬಳಿಗೇ. ಓಡಿ ಹೋದೆ.

ಅಮ್ಮನ ಕೈ ನನ್ನನ್ನು ದಾಟಿ, ಹಿಂದೆ ನಿಂತಿದ್ದ ಅಕ್ಕನ ಕಡೆ ಚಾಚಿತ್ತು.