ಹೆಬ್ಬೆರಳಿನ ಕೆಳಗೆ ನಂಜನಗೂಡು

ಕಳೆದ ಸೋಮವಾರ ನಾನು ಟಿ. ನರಸೀಪುರಕ್ಕೆ ಹೋಗಿದ್ದು ಒಂದೇ ಒಂದು ಇಂಗ್ಲಿಷ್ ವಾಕ್ಯ ಹಿಡಿದುಕೊಂಡು. ಅದನ್ನು ಬರೆಯಲು ನಾಲ್ಕು ದಿನ ಬೇಕಾಗಿತ್ತು. ನಗಬೇಡಿ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಏದುಸಿರು ಬಿಟ್ಟು ಪಾಸಾದವನು ನಾನು. (ಮನೆಯಲ್ಲೇ ಇಂಗ್ಲಿಷ್ ಟೀಚರ್ ಇದ್ದಾಗ ಯಜಮಾನನಿಗೆ ಇಂಗ್ಲಿಷ್ ಯಾಕೆ?)

ಆ ಟೀಚರ್ ನನ್ನ ಹೆಂಡತಿ ಮಂಗಳಾ. ನರಸೀಪುರದ ಹೈಸ್ಕೂಲೊಂದರಲ್ಲಿ ಕಲಿಸುತ್ತಿದ್ದಳು. ತೀರಿಕೊಂಡು ಏಳು ತಿಂಗಳಾಯಿತು. ಅವಳ ಪುಸ್ತಕಗಳನ್ನು ಶಾಲೆಗೆ ಕೊಟ್ಟೆ. ಅವನ್ನಿಟ್ಟ ಬೀರುವಿಗೆ ಪುಟ್ಟ ಸ್ಟೀಲ್ ಫಲಕ ಹಾಕಿಸೋಣ, ಒಂದು ಸಾಲು ನೀವೇ ಬರೆದುಕೊಡಿ ಎಂದಿದ್ದರು ಹೆಡ್ಮಾಸ್ಟರು.

ನಾನು ಬರೆದದ್ದು ಇಷ್ಟು: Mangala Teacher, who came by bus from Nanjangud taught English here. ನಂಜನಗೂಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಂಗಳಾ ಟೀಚರ್ ಇಲ್ಲಿ ಇಂಗ್ಲಿಷ್ ಕಲಿಸಿದರು ಅಂತ.

ಹೆಡ್ಮಾಸ್ಟರು ಓದಿದರು. "ಚೆನ್ನಾಗಿದೆ ಸಾರ್. ಆದ್ರೆ ಬಸ್ಸು, ನಂಜನಗೂಡು ಇದೆಲ್ಲ ಯಾಕೆ? ಎಲ್ಲಾರೂ ಬಸ್ಸಲ್ಲೇ ಬರೋದು. ಫಲಕ ಬೇರೆ ಚಿಕ್ಕದು."

ಸರಿ ಎಂದೆ. ಚೀಟಿ ಮಡಚಿ ಜೇಬಿಗಿಟ್ಟೆ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ನಂಜನಗೂಡು ಬಸ್ ಸ್ಟ್ಯಾಂಡಿಗೆ ಬಿಡುತ್ತಿದ್ದವನು ನಾನು. ಸೀಟು ಸಿಕ್ಕಿತೋ ಇಲ್ಲವೋ ನೋಡಿಕೊಂಡೇ ವಾಪಸಾಗುತ್ತಿದ್ದೆ. ಸಿಕ್ಕರೆ ಕಿಟಕಿಯಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಅವಳ ಶಾಲೆಯಲ್ಲಿ ನನ್ನ ಪಾಲು ಅಂತ ಇದ್ದದ್ದು ಅಷ್ಟೇ.

ಫಲಕ ಕೆತ್ತುವ ಅಂಗಡಿಯಲ್ಲಿ ಕೂತಿದ್ದವಳು ಮಹದೇವಿ. ಹೆಸರು ನೋಡಿದ್ದೇ ಎದ್ದು ನಿಂತಳು. "ಅಯ್ಯೋ, ನಮ್ ಮೇಡಮ್ಮು!" ಕುರ್ಚಿಯ ಧೂಳು ಒರೆಸಿ ನನ್ನನ್ನು ಕೂರಿಸಿದಳು. ಆಮೇಲೆ ಚೀಟಿ ಪೂರ್ತಿ ಓದಿ ನಕ್ಕಳು.

"ಸಾ, ಇನ್ನೊಂದು ಹಿಡಿ ಎಲ್ಲಿ?"

"ಯಾತರ ಹಿಡಿ?"

"ಚೀಲದ್ದು ಸಾ. ಮಧ್ಯದ ಮಾತಿಗೆ ಆ ಕಡೆ ಒಂದು ಕಾಮಾ, ಈ ಕಡೆ ಒಂದು ಕಾಮಾ. ಒಂದೇ ಹಿಡೀಲಿ ಚೀಲ ಎತ್ತಿದ್ರೆ ಟೊಮೇಟೊ ಎಲ್ಲಾ ರೋಡಿಗೆ. ಕ್ಲಾಸಿಗೆ ಚೀಲನೇ ತಂದು ಎತ್ತಿ ತೋರ್ಸಿದ್ರು."

(ಆ ಚೀಲ ನಮ್ಮ ಮನೆಯದು. ಅದರ ಒಂದು ಹಿಡಿ ಕಿತ್ತುಬಂದದ್ದು ಹೇಗೆಂದು ಇಷ್ಟು ವರ್ಷದ ಮೇಲೆ ಗೊತ್ತಾಯಿತು.)

ನಂಜನಗೂಡು ಆದಮೇಲೆ ಎರಡನೇ ಕಾಮಾ ಹಾಕಿದಳು. ಆ ಭಾಗವೇ ಬೇಡವಂತಮ್ಮ, ಹೆಡ್ಮಾಸ್ಟರು ಹೇಳಿದರು ಎಂದೆ.

ಅವಳು ಎರಡು ಕಾಮಾಗಳ ನಡುವಿನ ಮಾತಿನ ಮೇಲೆ ಹೆಬ್ಬೆರಳು ಇಟ್ಟಳು. ಬಸ್ಸೂ ನಂಜನಗೂಡೂ ಮುಚ್ಚಿಹೋದವು. ಮಂಗಳಾ ಟೀಚರ್ ಇಲ್ಲಿ ಇಂಗ್ಲಿಷ್ ಕಲಿಸಿದರು. ಏನೂ ಕೊರತೆಯಿಲ್ಲ. ವಾಕ್ಯ ಗಟ್ಟಿಯಾಗಿ ನಿಂತಿತ್ತು.

"ನೋಡಿ, ನಿಲ್ತದೆ."

"ಹಾಗಾದರೆ ತೆಗೆದುಬಿಡು" ಎಂದೆ.

"ತೆಗೆಯಕ್ಕಲ್ಲ ಸಾ, ಮುಚ್ಚಿ ನೋಡದು! ನಿಂತ್ರೆ ಕಾಮಾ ಹಾಕಿ, ನಿಲ್ದಿದ್ರೆ ಹಾಕ್ಬೇಡಿ. ಅಷ್ಟೇ ಮೇಡಮ್ಮು ಹೇಳ್ಕೊಟ್ಟಿದ್ದು. ಒಂದ್ಸಲ ಟೆಸ್ಟಲ್ಲಿ ನಾನು ಮಧ್ಯದ್ದನ್ನ ಗೀಟು ಹಾಕಿ ಹೊಡೆದಾಕಿದ್ದೆ. 'ಲೇ ಮಾದೇವಿ, ಅಳಿಸು ಅಂತ ಯಾರೇ ಅಂದ್ರು ನಿಂಗೆ?' ಅಂತ ಬೈದಿದ್ರು ಕಣ್ ಸಾ."

ಥೇಟ್ ನನ್ನ ಮಂಗಳಾಳದೇ ರಾಗ. ಏಳು ತಿಂಗಳ ಮೇಲೆ ಕೇಳಿದ್ದು. ಬೈಗುಳವಾದರೇನು?

ಮಹದೇವಿ ಅಕ್ಷರಗಳನ್ನು ಒಂಚೂರು ಸಣ್ಣ ಮಾಡಿದಳು. ಎಲ್ಲವೂ ಫಲಕದೊಳಗೆ ಹಿಡಿಸಿತು.

"ಹೆಡ್ಮಾಸ್ಟರು ಏನಾದರೂ ಅಂದರೆ?"

"ಸುಮ್ಕಿರಿ ಸಾ. ಅವ್ರ ಲೆಟರ್ ತಿದ್ಕೊಡ್ತಿದ್ದಿದ್ದೇ ನಮ್ ಮೇಡಮ್ಮು."

ಬುಧವಾರ ಫಲಕ ಕೂತಿತು. ಹೆಡ್ಮಾಸ್ಟರು ಓದಿ, "ಜಾಗ ಆಯ್ತಲ್ಲ, ಬಿಡಿ" ಎಂದು ನಕ್ಕರು. ಬರುವಾಗ ಬಸ್ಸಿನಲ್ಲಿ ನನಗೂ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ನೆಮ್ಮದಿಯಾಗಿ ಕಡಲೆಕಾಯಿ ತಿಂದುಕೊಂಡು ಊರು ಸೇರಿದೆ.

ಇನ್ನು ಮೇಲೆ ಯಾವುದಾದರೂ ಮಗು ಆ ಬೀರುವಿನ ಮುಂದೆ ನಿಂತು ಫಲಕದ ಮೇಲೆ ಹೆಬ್ಬೆರಳು ಇಟ್ಟು ನೋಡಬಹುದು. ನೋಡಲಿ. ಆ ಬೆರಳಿನ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು, ಕಿಟಕಿ ಕಡೆ ನೋಡುತ್ತಾ ಒಬ್ಬ ನಿಂತಿದ್ದಾನೆ ಅಂತ ಅದಕ್ಕೆ ಯಾರು ಹೇಳುತ್ತಾರೆ?