ಎಲಿಯಾನಿಗೆ ಹೇಳಬೇಡ ಎಂದದ್ದು

ಚಪಾತಿಗೆ ತುಪ್ಪ ಸವರಿ, ಮೇಲೆ ಕಡಲೆ ಚಟ್ನಿಪುಡಿ ಉದುರಿಸಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ಫಾಯಿಲ್‌ನಲ್ಲಿ ಹೊದಿಸಿಟ್ಟರೆ, ಮಧ್ಯಾಹ್ನದ ತನಕ ಮೆತ್ತಗೇ ಉಳಿಯುತ್ತದೆ ಎಂದು ನನಗೆ ಕಲಿಸಿದವಳು ಕುಮುದಾ. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನಲ್ಲಿ ಅವಳ ಮನೆಗೂ ನನ್ನ ಮನೆಗೂ ಇರುವ ಅಂತರ ಎರಡು ಬೀದಿ ಮತ್ತು ಒಂದು ಏರು. ಹನ್ನೊಂದು ವರ್ಷ, ಮಳೆ ಹನಿಯಲಿ ಬಿಡಲಿ, ಶನಿವಾರ ಬೆಳಿಗ್ಗೆ ನಾವಿಬ್ಬರೂ ಅಂಥ ಒಂದೊಂದು ಸುರುಳಿಯನ್ನು ಬೆನ್ನಚೀಲಕ್ಕೆ ಹಾಕಿಕೊಂಡು ಹತ್ತಿರದ ಯಾವುದಾದರೂ ಗುಡ್ಡ ಹತ್ತುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ನನಗೆ ಏದುಸಿರು ಬಂದು ನಿಂತಾಗಲೆಲ್ಲ ಮೇಲಿನಿಂದ ಅವಳ ದನಿ ಕೇಳುತ್ತಿತ್ತು: "ಬಾರೇ ರತ್ನಾ, ಇನ್ನೊಂದ್ ತಿರುವು ಅಷ್ಟೇ." ಅದು ಯಾವತ್ತೂ ಕೊನೆಯ ತಿರುವಾಗಿರುತ್ತಿರಲಿಲ್ಲ. ಆದರೆ ಆ ಸುಳ್ಳನ್ನು ನಂಬಿಯೇ ನಾನು ಅಷ್ಟೂ ಗುಡ್ಡಗಳನ್ನು ಹತ್ತಿದ್ದು.

ಕುಮುದಾ ಹಾಸನದ ಕಡೆಯವಳು. ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದಳು. ನಕ್ಷೆಯ ಮೇಲೆ ಕೂದಲೆಳೆಯಷ್ಟು ಗೆರೆ ಆಚೀಚೆಯಾದರೂ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲವಂತೆ. ನಾನು ಮೈಸೂರಿನವಳು, ಕರ್ಕ್‌ಲ್ಯಾಂಡ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತೇನೆ. ಬೇರೆಯವರ ತಪ್ಪು ಹುಡುಕುವುದು ನನ್ನ ಉದ್ಯೋಗ, ಅದರಲ್ಲಿ ನನಗೆ ಒಳ್ಳೆಯ ಹೆಸರೂ ಇದೆ.

ಆಫ್ರಿಕಾದ ಆಸೆ ಹುಟ್ಟಿದ್ದು ಅವಳಿಗೆ, ಜಪಾನಿನ ಆಸೆ ನನಗೆ. ಮೊದಲು ಕಿಲಿಮಂಜಾರೋ ಹತ್ತುವುದು, ಅದರ ಮರುವರ್ಷ ಹಿಮ ತುಂಬಿದ ಉತ್ತರ ಜಪಾನಿಗೆ ಇಬ್ಬರೇ ಹೋಗುವುದು ಎಂದು ಒಪ್ಪಂದವಾಯಿತು. ಇಲ್ಲಿನ ಕನ್ನಡಿಗರ ನಡಿಗೆಯ ಬಳಗವೊಂದರ ಇನ್ನು ನಾಲ್ವರು ಹೆಂಗಸರು ಮೊದಲನೆಯದಕ್ಕೆ ಜೊತೆಯಾದರು. ಹೀಗೆ ಐವತ್ತರ ಆಸುಪಾಸಿನ ಆರು ಜನ ಕನ್ನಡತಿಯರು, ಮಂಡಿಗೆ ಪಟ್ಟಿ ಸುತ್ತಿಕೊಂಡು ಟಾಂಜಾನಿಯಾಕ್ಕೆ ಹೊರಟೆವು. ಮೊದಲ ಮೂರು ದಿನ ಬಯಲು ಸುತ್ತಿದೆವು. ಆನೆಯ ಹಿಂಡೊಂದು ನಮ್ಮ ವ್ಯಾನಿನ ಮುಂದೆಯೇ, ಮದುವೆ ಮನೆಗೆ ಹೊರಟ ನೆಂಟರ ಹಾಗೆ ಸಾವಕಾಶವಾಗಿ ರಸ್ತೆ ದಾಟಿದಾಗ ಕುಮುದಾ ನನ್ನ ಕೈ ಹಿಡಿದುಕೊಂಡು ಉಸಿರು ಬಿಗಿಹಿಡಿದಿದ್ದಳು. ದೂರದ ಆನೆಯ ಕಿವಿಯಂಚು ಹರಿದಿರುವುದನ್ನು ದುರ್ಬೀನಿಲ್ಲದೆ ಕಂಡವಳು ಅವಳೊಬ್ಬಳೇ.

ಬೆಟ್ಟದ ಮೇಲೆ ನಮ್ಮನ್ನು ಕರೆದೊಯ್ದ ಮಾರ್ಗದರ್ಶಿಯ ಹೆಸರು ಎಲಿಯಾ. ಮಾತು ಕಡಿಮೆಯ, ನಲವತ್ತರ ಆಸುಪಾಸಿನ ಮನುಷ್ಯ. ದಿನಾ ಸಂಜೆ ಡೇರೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಬ್ಬೊಬ್ಬರನ್ನೂ ಕೇಳುತ್ತಿದ್ದ: ತಲೆ ನೋಯುತ್ತಿದೆಯೇ, ಊಟ ಸೇರಿತೇ, ಕಣ್ಣು ಸರಿಯಾಗಿ ಕಾಣುತ್ತಿದೆಯೇ. ಮೊದಲ ದಿನವೇ ಹೇಳಿದ್ದ, ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ನೀವು ನಿಜ ಹೇಳಿದರೆ ಮಾತ್ರ ನಾನು ನಿಮ್ಮನ್ನು ಕ್ಷೇಮವಾಗಿ ಮನೆಗೆ ಕಳಿಸಬಲ್ಲೆ ಎಂದು.

ಶಿಖರಕ್ಕೆ ಮುಂಚಿನ ಕೊನೆಯ ಬಿಡಾರ ತಲುಪಿದ ಮಧ್ಯಾಹ್ನ, ಡೇರೆಯೊಳಗೆ ನಾವಿಬ್ಬರೇ ಇದ್ದಾಗ, ಕುಮುದಾ ಬಲಗಣ್ಣನ್ನು ಉಜ್ಜಿಕೊಳ್ಳುತ್ತಾ ಕೂತಿದ್ದಳು.

"ರತ್ನಾ, ಈ ಕಣ್ಣಲ್ಲಿ ಏನೋ ಕಪ್ಪಗೆ ಕೂತಿದೆ ಕಣೆ. ಉಜ್ಜಿದ್ರೂ ಹೋಗ್ತಿಲ್ಲ."

"ಬಿಸ್ಲು ಜಾಸ್ತಿ ಇತ್ತಲ್ಲ, ಅದಕ್ಕೇ ಇರತ್ತೆ. ಸ್ವಲ್ಪ ಹೊತ್ತು ಕಣ್ಮುಚ್ಕೊಂಡು ಮಲಗು."

"ಎಲಿಯಾಗೆ ಹೇಳ್ಲಾ?"

"ಬೇಡ್ವೇ. ಹೇಳಿದ್ರೆ ಈಗ್ಲೇ ಕೆಳಗೆ ಕಳಿಸ್ತಾನೆ. ನೀನಿಲ್ದೆ ನಾನು ಒಂದ್ ಹೆಜ್ಜೆನೂ ಹತ್ತಲ್ಲ, ಗೊತ್ತಲ್ಲ?"

ಈ ಮಾತನ್ನು ನಾನು ಪ್ರೀತಿಯಿಂದ ಆಡಿದೆನೆಂದೇ ಬಹಳ ಕಾಲ ನಂಬಿದ್ದೆ. ಓದುವ ಗೆಳೆಯರೇ, ಪ್ರೀತಿಯ ಮಾತುಗಳನ್ನು ಆಗಾಗ ಹೊರಳಿಸಿ ಅವುಗಳ ಬೆನ್ನನ್ನೂ ನೋಡಬೇಕು. ನೀನಿಲ್ಲದೆ ಹತ್ತಲಾರೆ ಎಂದರೆ, ನಾನು ಹತ್ತಬೇಕಾಗಿದೆ, ಆದ್ದರಿಂದ ನೀನು ಇರಬೇಕು ಎಂದೂ ಆಗುತ್ತದೆ. ಮುಂದಿನಿಂದ ಎಳೆಯುವ ಅವಳ ದನಿಯಿಲ್ಲದೆ ಆ ಕಡಿದಾದ ಏರು ನನ್ನಿಂದಾಗದು ಎಂಬ ಭಯಕ್ಕೆ ನಾನು ಸ್ನೇಹದ ಸೀರೆ ಉಡಿಸಿದ್ದೆ. ಸಂಜೆ ಎಲಿಯಾ ಬಂದು ಕಣ್ಣಿನ ಪ್ರಶ್ನೆ ಕೇಳಿದಾಗ ಕುಮುದಾ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ "ಆಲ್ ಗುಡ್" ಅಂದಳು. ಅವನು ಮುಂದಿನ ಡೇರೆಗೆ ಹೋದ.

ಬೆಳಕು ಹರಿಯುವುದಕ್ಕೆ ಬಹಳ ಮುಂಚೆ ಹೊರಟೆವು. ಸಡಿಲ ಜಲ್ಲಿಯ ಮೇಲೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುವ ದಾರಿ. ಎಲಿಯಾ "ಪೋಲೆ ಪೋಲೆ" ಎನ್ನುತ್ತಿದ್ದ, ನಿಧಾನ, ನಿಧಾನ. ಬಾನಂಚು ಕೆಂಪಾಗುವ ಹೊತ್ತಿಗೆ ಕುಮುದಾ ಮೆಟ್ಟಿಲೇ ಇಲ್ಲದಲ್ಲಿ ಮೆಟ್ಟಿಲಿದೆ ಎಂಬಂತೆ ಕಾಲೆತ್ತಿ ಇಡುತ್ತಿರುವುದನ್ನು ಹಿಂದಿನಿಂದ ಕಂಡೆ. ಹತ್ತು ನಿಮಿಷದ ನಂತರ ಅವಳು ಕೂತೇಬಿಟ್ಟಳು.

"ಈ ಕಣ್ಣೂ ಮಂಜಾಯ್ತು ಕಣೆ," ಅಂದಳು.

ಎಲಿಯಾ ಅವಳ ಮುಂದೆ ಮಂಡಿಯೂರಿ ಬೆರಳುಗಳನ್ನು ಆಡಿಸಿ ನೋಡಿದ. ಸಹಾಯಕರಿಬ್ಬರನ್ನು ಕರೆದು, ಅವಳನ್ನು ತಕ್ಷಣ ಕೆಳಗಿಳಿಸುವಂತೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, ನೀವು ಇವರ ಗೆಳತಿಯಲ್ಲವೇ, ಜೊತೆಗೆ ಇಳಿಯುತ್ತೀರಾ ಎಂದು. ನಾನು ಉತ್ತರಿಸುವ ಮೊದಲೇ ಕುಮುದಾ ಅಂದಳು: "ನೀನು ಹೋಗೇ. ಇಷ್ಟು ದೂರ ಬಂದಿದೀಯ."

"ಸರಿ, ಹುಷಾರು," ಎಂದೆ ನಾನು. ಅಷ್ಟೇ. ಎರಡನೇ ಸಲ ಹೇಳಿಸಿಕೊಳ್ಳುವ ಸೌಜನ್ಯವನ್ನೂ ತೋರಲಿಲ್ಲ. ಅವಳಿಲ್ಲದೆ ಒಂದು ಹೆಜ್ಜೆಯನ್ನೂ ಹತ್ತುವುದಿಲ್ಲ ಎಂದಿದ್ದವಳು, ಉಳಿದ ಅಷ್ಟೂ ಹೆಜ್ಜೆಗಳನ್ನು ಅವಳಿಲ್ಲದೆಯೇ ಹತ್ತಿದೆ. ಶಿಖರದ ಫಲಕದ ಕೆಳಗೆ ನಿಂತು ಅತ್ತೆ. ಆ ಅಳು ಗೆಳತಿಗಾಗಿ ಬಂದದ್ದೆಂದು ಜೊತೆಯವರು ನನ್ನ ಬೆನ್ನು ಸವರಿದರು. ಅಲ್ಲ, ಅದು ಶುದ್ಧ ಸಂತೋಷದ ಅಳು. ಇವತ್ತಿಗೂ ನನಗೆ ಅಸಹ್ಯವಾಗುವುದು ಅದೇ.

ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವವಾಗಿದೆ ಎಂದರು ಕೆಳಗಿನ ಪಟ್ಟಣದ ವೈದ್ಯರು. ಊರಿಗೆ ಮರಳಿದ ಮೇಲೆ ಇಲ್ಲಿನ ತಜ್ಞರ ಬಳಿಗೆ ಅವಳನ್ನು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಮೊದಲು ಕಪ್ಪು ಕಂಡದ್ದು ಯಾವಾಗ ಎಂದು ಅವರು ಕೇಳಿದರು. ಕಂಡ ಕೂಡಲೇ ಇಳಿದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದೂ ಸೇರಿಸಿದರು. ನಾನು ಪಕ್ಕದ ಕುರ್ಚಿಯಲ್ಲಿ ನನ್ನ ಕೈಚೀಲದ ಜಿಪ್ಪು ನೋಡುತ್ತಾ ಕೂತಿದ್ದೆ. "ಅವತ್ತು ಬೆಳಿಗ್ಗೆ, ಹತ್ತುವಾಗ," ಎಂದಳು ಕುಮುದಾ ಇಂಗ್ಲಿಷಿನಲ್ಲಿ, ತಡವರಿಸದೆ.

ತಿಂಗಳುಗಳು ಕಳೆದರೂ ಎರಡೂ ಕಣ್ಣಿನ ನಟ್ಟನಡುವಿನ ಕಲೆ ಪೂರ್ತಿ ಹೋಗಲಿಲ್ಲ. ನೋಡಬೇಕೆಂದು ದಿಟ್ಟಿಸಿದ ವಸ್ತುವೇ ಮಾಯವಾಗಿ, ಅದರ ಸುತ್ತಲಿನದೆಲ್ಲ ಉಳಿಯುವ ವಿಚಿತ್ರ ಕುರುಡು ಅದು. "ನಿನ್ನನ್ನ ನೇರ ನೋಡಿದ್ರೆ ನೀನು ಕಾಣಲ್ಲ ಕಣೆ, ಪಕ್ಕಕ್ಕೆ ನೋಡಿದ್ರೆ ಕಾಣ್ತೀಯ," ಎಂದು ಒಮ್ಮೆ ತಮಾಷೆ ಮಾಡಿದಳು. ನಕ್ಷೆ ಓದಲಾಗದ ಮೇಲೆ ಕೆಂಟ್‌ನ ಕೆಲಸ ಹೋಯಿತು. ಕಾರು ಓಡಿಸುವಂತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮೇಘಾ ಬಿಡುವಾದಾಗ ಕರೆದೊಯ್ದರೆ ಉಂಟು, ಇಲ್ಲವಾದರೆ ಬಸ್ಸು.

ಆ ವರ್ಷದ ಕೊನೆಗೆ ಇಲ್ಲಿನ ಕನ್ನಡಿಗರ ಕೂಟವೊಂದರಲ್ಲಿ ಆಫ್ರಿಕಾ ಪ್ರವಾಸದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಚಿತ್ರಗಳನ್ನು ತೋರಿಸುತ್ತಾ ಹೋದೆ: ಆನೆ, ಬಯಲು, ಡೇರೆ, ಶಿಖರ. ಕುಮುದಾ ಮುಂದಿನ ಸಾಲಿನಲ್ಲಿ ಕೂತಿದ್ದಳು. "ಕಣ್ಣು ಕಾಣದ ಆ ಹೊತ್ತಲ್ಲೂ ನನ್ನ ಗೆಳತಿ, ನೀನು ಹೋಗು ಅಂದಳು. ಸ್ನೇಹ ಅಂದ್ರೆ ಇದು," ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಜಪಾನಿನ ಕಾಲ ಬಂತು. ಬಿಟ್ಟುಬಿಡೋಣವೇ ಎಂದು ಬಾಯುಪಚಾರಕ್ಕೆ ಕೇಳಿದೆ. "ನೀನು ಹೋಗ್ಬಾ. ಫೋಟೋ ಕಳ್ಸು, ಓರೆಗಣ್ಣಲ್ಲಿ ನೋಡ್ತೀನಿ," ಎಂದು ನಕ್ಕಳು. ಹೋದೆ. ಒಬ್ಬಳೇ ಹೊರಟ ಧೈರ್ಯಕ್ಕೆ ಆಫೀಸಿನಲ್ಲಿ ಎಲ್ಲರೂ ಶಹಬ್ಬಾಸ್ ಅಂದರು.

ಉತ್ತರ ಜಪಾನಿನ ಚಳಿಗಾಲವನ್ನು ವರ್ಣಿಸಲು ನನಗೆ ಈಗ ಉತ್ಸಾಹವಿಲ್ಲ, ಆದರೂ ಅದು ಸುಂದರವಾಗಿತ್ತು ಎಂಬುದನ್ನು ಮುಚ್ಚಿಡಲಾರೆ. ಎರಡಾಳು ಎತ್ತರದ ಹಿಮದ ಗೋಡೆಗಳ ನಡುವೆ ಎರಡೇ ಬೋಗಿಯ ರೈಲು ತೂರಿಹೋಗುತ್ತಿತ್ತು. ಮುದುಕರು ಸೂರು ಹತ್ತಿ ಸಲಿಕೆಯಿಂದ ಹಿಮ ಎತ್ತಿಹಾಕುತ್ತಿದ್ದರು. ಹೆಸರು ಓದಲಾಗದ ನಿಲ್ದಾಣಗಳಲ್ಲಿ ಅನ್ನದುಂಡೆ ತಿನ್ನುತ್ತಾ ನಾನು ಒಂಟಿತನವನ್ನು ಸ್ವಾತಂತ್ರ್ಯವೆಂದು ಕರೆದುಕೊಳ್ಳುತ್ತಿದ್ದೆ. ಕೊನೆಗೆ ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ, ವಯಸ್ಸಾದ ಗಂಡಹೆಂಡತಿ ನಡೆಸುವ ಬಿಸಿನೀರಿನ ಬುಗ್ಗೆಯ ವಸತಿಯಲ್ಲಿ ಉಳಿದೆ.

ಅಲ್ಲಿ ಬಾಗಿಲ ಬಳಿ ಒಂದು ಪುಸ್ತಕವಿತ್ತು. ಹೊರಗೆ ನಡೆಯಲು ಹೋಗುವವರು ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂದು ಬರೆದಿಟ್ಟು ಹೋಗಬೇಕು. ಮೇಲಿನ ದಾರಿ ಬೇಡ, ಹಿಮ ಸಡಿಲವಾಗಿದೆ ಎಂದು ಮನೆಯೊಡೆಯ ಅಜ್ಜ ಕೈಸನ್ನೆಯಲ್ಲಿ ತಿಳಿಸಿದ. ನನಗೆ ಬೇಕಾಗಿದ್ದದ್ದು ಮೇಲಿನ ದಾರಿಯೇ, ಅಲ್ಲೊಂದು ಹೆಪ್ಪುಗಟ್ಟಿದ ಜಲಪಾತವಿತ್ತು. ಪುಸ್ತಕದಲ್ಲಿ ಮಾತ್ರ ಕೆಳಗಿನ ಹೊಳೆಯ ದಾರಿ ಎಂದು ಬರೆದು, ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಅಗಲ ಹಲಗೆ ಕಟ್ಟಿಕೊಂಡು ಮೇಲಕ್ಕೆ ಹೋದೆ.

ಜಲಪಾತ ಸಿಗಲಿಲ್ಲ. ಮರವೊಂದರ ಬುಡದ ಮೆದು ಹಿಮದಲ್ಲಿ ಸೊಂಟದ ತನಕ ಹೂತುಹೋದೆ. ಹಲಗೆಯ ಪಟ್ಟಿ ಕಿತ್ತುಬಂತು. ಕಷ್ಟಪಟ್ಟು ಮೇಲೆ ಬರುವಷ್ಟರಲ್ಲಿ ಹಿಮ ಸುರಿಯತೊಡಗಿ ನನ್ನ ಹೆಜ್ಜೆಗಳೇ ಅಳಿಸಿಹೋಗಿದ್ದವು. ಫೋನಿಗೆ ಸಿಗ್ನಲ್ ಇರಲಿಲ್ಲ. ನಾಲ್ಕು ಗಂಟೆಗೇ ಬೆಳಕು ಕಂದತೊಡಗಿತು. ಕಾಲಬೆರಳುಗಳು ಇವೆಯೋ ಇಲ್ಲವೋ ತಿಳಿಯದಾದಾಗ ಸಾಯುತ್ತೇನೆಂದು ಮೊದಲ ಬಾರಿಗೆ ನಿಜವಾಗಿ ಅನ್ನಿಸಿತು. ಎಷ್ಟೋ ಹೊತ್ತಿನ ಮೇಲೆ ಸೀಟಿಯ ಸದ್ದು ಕೇಳಿತು. ಅಜ್ಜ ಮತ್ತು ನೆರೆಯ ಇಬ್ಬರು ಮೂರು ಟಾರ್ಚುಗಳೊಂದಿಗೆ ಬಂದಿದ್ದರು.

ಮರುದಿನ ಅಜ್ಜ ಜ್ವರ ಬಂದು ಮಲಗಿದ್ದ. ಅವನ ಹೆಂಡತಿ ನನ್ನನ್ನು ಬೈಯಲಿಲ್ಲ. ಪುಸ್ತಕವನ್ನೂ ಪೆನ್ಸಿಲನ್ನೂ ತಂದು ನನ್ನ ಮುಂದಿಟ್ಟು, ಫೋನಿನಲ್ಲಿ ಏನೋ ನುಡಿದು ನನ್ನ ಕಡೆ ತಿರುಗಿಸಿದಳು. ಅನುವಾದದ ಯಂತ್ರ ಇಂಗ್ಲಿಷಿನಲ್ಲಿ ಹೇಳಿತು: ಅವರು ಮೊದಲು ಒಂದೂವರೆ ಗಂಟೆ ಹೊಳೆಯ ದಾರಿಯಲ್ಲಿ ಹುಡುಕಿದರು, ದಯವಿಟ್ಟು ನೀವು ನಿಜವಾಗಿ ಹೋದ ಜಾಗವನ್ನು ಬರೆಯಿರಿ. ನಾನು ಹೊಡೆದುಹಾಕಿ ಬರೆದೆ. ಅವಳು ಓದಿ, ತಲೆಬಾಗಿ, ಪುಸ್ತಕ ಮುಚ್ಚಿದಳು.

ಸಿಯಾಟಲ್‌ಗೆ ಮರಳಿದ ಮೂರನೇ ದಿನ ಕುಮುದಾಳ ಮನೆಗೆ ಹೋದೆ. ಅವಳು ಅಡುಗೆಮನೆಯ ಮೇಜಿನಲ್ಲಿ ಬೆರಳಿನಿಂದ ಅಂದಾಜು ಹಿಡಿದು ಹುರುಳಿಕಾಯಿ ಮುರಿಯುತ್ತಿದ್ದಳು. ಟೀ ಮಾಡಲು ಎದ್ದವಳನ್ನು ಕೂರಿಸಿ, ಎಲ್ಲವನ್ನೂ ಹೇಳಿದೆ. ಎಲಿಯಾಗೆ ಹೇಳಬೇಡ ಅಂದಿದ್ದು ನಾನು, ನನ್ನ ಸ್ವಾರ್ಥಕ್ಕೆ ಅಂದೆ, ಡಾಕ್ಟರ ಮುಂದೆಯೂ ಬಾಯಿ ಬಿಡಲಿಲ್ಲ, ನನ್ನನ್ನು ಕ್ಷಮಿಸು ಎಂದೆ. ಹೇಳುತ್ತಾ ಹೇಳುತ್ತಾ ಎದೆ ಹಗುರಾಗುತ್ತಿತ್ತು. ಅದು ಅವಳಿಗೂ ಕಂಡಿರಬೇಕು.

"ಗೊತ್ತು ಕಣೆ," ಎಂದಳು ಹುರುಳಿಕಾಯಿ ಬಿಡದೆ. "ಅಲ್ಲಿದ್ದಿದ್ದು ನಾವಿಬ್ರೇ ತಾನೆ? ನೀನು ಏನೋ ಗೊತ್ತಿಲ್ದೆ ಅಂದೆ, ಆಮೇಲೆ ಮರ್ತುಬಿಟ್ಟಿದೀಯ ಅಂದ್ಕೊಂಡಿದ್ದೆ. ಮರ್ತೋಳ ಜೊತೆ ಕೂತು ಟೀ ಕುಡೀಬಹುದಿತ್ತು. ಈಗ ನೋಡಿದ್ರೆ ನಿಂಗೆ ಎಲ್ಲಾ ನೆನಪಿದೆ. ನೆನಪಿಟ್ಕೊಂಡೇ ಆ ಸ್ಟೇಜ್ ಮೇಲೆ ನಿಂತಿದ್ಯಲ್ಲೇ."

ನಾನು ಮತ್ತೆ ಕ್ಷಮಿಸು ಎಂದೆ.

"ಅದೂ ನಾನೇ ಮಾಡ್ಬೇಕಾ?" ಎಂದಳು. ದನಿ ಏರಿರಲಿಲ್ಲ. "ಮೇಘಾ ಬರೋ ಹೊತ್ತಾಯ್ತು. ಹೊರಡು."

ತಪ್ಪೊಪ್ಪಿಗೆ ಒಳ್ಳೆಯದು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಯಾರಿಗೆ ಒಳ್ಳೆಯದು ಎಂದು ಯಾರೂ ಹೇಳಿಕೊಡಲಿಲ್ಲ. ಹಿಮದ ಊರಿನ ಆ ಪುಸ್ತಕದಲ್ಲಿ ತಿದ್ದಿ ಬರೆದರೆ ಮುಂದೆ ಹೋಗುವವರಿಗಾದರೂ ಉಪಯೋಗವಿತ್ತು. ಇಲ್ಲಿ ನಾನು ತಿದ್ದಿದ್ದರಿಂದ ಅವಳ ಕೈಯಲ್ಲಿ ಅಲ್ಪಸ್ವಲ್ಪ ಉಳಿದಿದ್ದದ್ದೂ ಹೋಯಿತು.

ಅವಳು ಕಾಲ್ ಮಾಡಲಿಲ್ಲ. ನಾನು ಮಾಡಿದ್ದಕ್ಕೆ ಉತ್ತರಿಸಲಿಲ್ಲ. ಕಳೆದ ವಾರ ಆಫೀಸಿಗೆ ಹೊರಟವಳು, ಜಿಟಿಜಿಟಿ ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದ ಅವಳನ್ನು ಕಂಡು ಕಾರು ನಿಲ್ಲಿಸಿ ಕಿಟಕಿ ಇಳಿಸಿದೆ.

"ಕುಮುದಾ, ಬಾರೇ, ನಾನು ಬಿಡ್ತೀನಿ."

ದನಿ ಬಂದ ಕಡೆಗೆ ಅವಳು ಮುಖ ತಿರುಗಿಸಿದಳು. ಗುರುತು ಹಿಡಿದಳು. ಪರಿಚಯವಿಲ್ಲದವರಿಗೆ ಕೊಡುವಂಥ ಒಂದು ಮರ್ಯಾದೆಯ ನಗೆ ನಕ್ಕಳು.

"ಬೇಡ, ಬಸ್ ಬರತ್ತೆ," ಎಂದಳು. "ನೀವು ಹೊರಡಿ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಕಿಟಕಿ ಏರಿಸಿ ಹೊರಟೆ.